ಲೊಂಬೊಕ್‌ನಲ್ಲಿ ಹತ್ತು ಗುಂಟೆ ಗದ್ದೆ: ಹಣ ನಮ್ಮದು, ಹೆಸರು ಯಾರದು?

ಪ್ರಶ್ನೆ: ನಾವು ಮೈಸೂರಿನವರು. ನನಗೆ 54, ನನ್ನ ಹೆಂಡತಿಗೆ 51. ಕೆಲಸ ಬಿಟ್ಟು ಒಂದು ವರ್ಷವಾಯಿತು. ಹೋದ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಲೊಂಬೊಕ್ ದ್ವೀಪದ ತೆತೆಬಾತು ಎಂಬ ಹಳ್ಳಿಯಲ್ಲಿ ಹನ್ನೆರಡು ದಿನ ಇದ್ದೆವು. ಗದ್ದೆ, ತೊರೆ, ತಂಪು ಹವೆ, ಒಳ್ಳೆಯ ಜನ. ನಾವು ಉಳಿದಿದ್ದ ಮನೆಯ ಯಜಮಾನರು ತಮ್ಮ ಅಣ್ಣನ ಹತ್ತು ‘ಆರೆ’ ಗದ್ದೆ ತೋರಿಸಿದರು. ಆರೆಗೆ 30 ‘ಜುತಾ’ ಬೆಲೆ. ವಿದೇಶಿಯರ ಹೆಸರಿಗೆ ಆಗುವುದಿಲ್ಲ, ಜಮೀನು ತಮ್ಮ ಹೆಸರಿನಲ್ಲಿರುತ್ತದೆ, ನೋಟರಿ ಹತ್ತಿರ ಒಪ್ಪಂದ ಮಾಡಿಕೊಂಡರೆ ಪೂರ್ತಿ ಹಕ್ಕು ನಮ್ಮದೇ ಎಂದರು. ಪತ್ರ ಕೇಳಿದರೆ ‘ಪಿಪಿಲ್’ ಮತ್ತು ‘ಸ್ಪೊರಾದಿಕ್’ ಇದೆ ಎನ್ನುತ್ತಾರೆ. ಅಲ್ಲಿ ಮೂರು ಕೋಣೆಯ ಹೋಂಸ್ಟೇ ಕಟ್ಟಿ, ವರ್ಷಕ್ಕೆ ಆರು ತಿಂಗಳು ಅಲ್ಲೇ ಇದ್ದು ನಡೆಸುವ ಆಸೆ. ಬಾಲಿ ಇಪ್ಪತ್ತೈದು ವರ್ಷದ ಹಿಂದೆ ಹೀಗೇ ಇತ್ತಂತೆ, ಮೋಟೋಜಿಪಿ ಬೈಕ್ ರೇಸ್ ಬಂದ ಮೇಲೆ ಲೊಂಬೊಕ್‌ನಲ್ಲೂ ಬೆಲೆ ಏರುತ್ತಿದೆಯಂತೆ. 10 ಜುತಾ ಮುಂಗಡ ಕೊಟ್ಟು ಬಂದಿದ್ದೇವೆ. ನಾವು ಸಸ್ಯಾಹಾರಿಗಳು. ಮುಂದುವರಿಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆಸೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಅಲ್ಲಿ ಜಮೀನು ಇರಬೇಕು, ಅದರಿಂದ ಆದಾಯ ಬರಬೇಕು, ಅಲ್ಲಿ ಬದುಕಬೇಕು. ಮೂರನ್ನೂ ಬಿಡಿಸಿಟ್ಟು ನೋಡಿದರೆ ಉತ್ತರ ಸುಲಭ. ಅವರು ಹೇಳಿದ ರೀತಿಯಲ್ಲಿ ಜಮೀನು ಬೇಡ. ಮೂರು ಕೋಣೆಯ ಹೋಂಸ್ಟೇಯನ್ನು ನೀವು ನಡೆಸಲು ಅಲ್ಲಿನ ಕಾನೂನು ಬಿಡುವುದಿಲ್ಲ, ಬಿಟ್ಟರೂ ಲೆಕ್ಕ ಕೂಡುವುದಿಲ್ಲ. ಆರು ತಿಂಗಳು ಬದುಕುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಮೂರರಲ್ಲಿ ಕಡಿಮೆ ಖರ್ಚಿನದೂ ಅದೇ.

ಮೊದಲು ಅಂಕಿ ಸರಿಮಾಡಿಕೊಳ್ಳೋಣ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಜುತಾ ಎಂದರೆ ಹತ್ತು ಲಕ್ಷ, ಮಿಲ್ಯಾರ್ ಎಂದರೆ ನೂರು ಕೋಟಿ. ಅವರ ಬರವಣಿಗೆಯಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. 1.500.000,00 ಎಂದು ಕಂಡರೆ ಹದಿನೈದು ಲಕ್ಷ ಎಂದು ಓದಿ. ಒಂದು ಭಾರತೀಯ ರೂಪಾಯಿಗೆ ಸುಮಾರು 190 ಇಂಡೊನೇಷ್ಯಾದ ರೂಪಿಯಾ ಹಿಡಿದರೆ ನಿಮ್ಮ ಗದ್ದೆಯ ಬೆಲೆ 300 ಜುತಾ, ಅಂದರೆ ನಮ್ಮ ಸುಮಾರು 16 ಲಕ್ಷ ರೂಪಾಯಿ. ಆರೆ ಎಂದರೆ ನೂರು ಚದರ ಮೀಟರ್, 1,076 ಚದರ ಅಡಿ. ನಮ್ಮ ಗುಂಟೆ 1,089 ಚದರ ಅಡಿ. ಹಾಗಾಗಿ ಬಾಲಿ, ಲೊಂಬೊಕ್‌ನಲ್ಲಿ ಆರೆ ಎಂದಾಗಲೆಲ್ಲ ಗುಂಟೆ ಎಂದುಕೊಂಡರೆ ನಡೆಯುತ್ತದೆ. ಮೈಸೂರಿನ ಸುತ್ತಮುತ್ತಲ ಗುಂಟೆ ಬೆಲೆ ಗೊತ್ತಿರುವವರಿಗೆ ಒಂದೂವರೆ ಲಕ್ಷಕ್ಕೆ ಗುಂಟೆ ಎಂದರೆ ಬಿಟ್ಟಿ ಸಿಕ್ಕ ಹಾಗೆ ಅನ್ನಿಸುತ್ತದೆ. ಆ ಅನಿಸಿಕೆಯೇ ಮುಂಗಡ ಕೊಡಿಸಿದ್ದು.

ಹೆಸರು ಸಾಲ ಪಡೆಯುವುದು

ನಿಮಗೆ ಹೇಳಿದ ಏರ್ಪಾಡಿಗೆ ಅಲ್ಲಿ ‘ಪಿಂಜಮ್ ನಾಮ’ ಎನ್ನುತ್ತಾರೆ, ಅಂದರೆ ಹೆಸರು ಸಾಲ ಪಡೆಯುವುದು. ನಮ್ಮ ಭಾಷೆಯಲ್ಲಿ ಬೇನಾಮಿ. ‘ನೋಟರಿ ಹತ್ತಿರ ಆಗುತ್ತದೆಯಲ್ಲ, ಹಾಗಾದರೆ ಕಾನೂನುಬದ್ಧ’ ಎಂಬುದು ಇದರ ಸುತ್ತ ಹಬ್ಬಿರುವ ಮೊದಲ ತಪ್ಪು ತಿಳಿವಳಿಕೆ. ಇಂಡೊನೇಷ್ಯಾದ 1960ರ ಮೂಲ ಭೂಕಾಯ್ದೆಯ 21ನೇ ವಿಧಿ ಪೂರ್ಣ ಒಡೆತನವನ್ನು, ಅಂದರೆ ‘ಹಕ್ ಮಿಲಿಕ್’ ಅನ್ನು, ಅಲ್ಲಿನ ಪ್ರಜೆಗಳಿಗೆ ಮೀಸಲಿಡುತ್ತದೆ. 26ನೇ ವಿಧಿಯ ಎರಡನೇ ಭಾಗ ಇನ್ನೂ ಕಟು: ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಆ ಒಡೆತನವನ್ನು ವಿದೇಶಿಗೆ ದಾಟಿಸುವ ಯಾವ ವ್ಯವಹಾರವೂ ಅಸಿಂಧು, ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ. ‘ಪರೋಕ್ಷವಾಗಿ’ ಎಂಬ ಆ ಒಂದು ಪದ ಬಂದಿರುವುದೇ ನಿಮ್ಮಂಥ ಏರ್ಪಾಡಿಗಾಗಿ.

ಸಾಮಾನ್ಯವಾಗಿ ನಾಲ್ಕು ಪತ್ರಗಳ ಕಟ್ಟು ಕೊಡುತ್ತಾರೆ. ಜಮೀನಿನ ಬೆಲೆಯಷ್ಟು ಹಣವನ್ನು ನೀವು ಅವರಿಗೆ ಸಾಲ ಕೊಟ್ಟ ಪತ್ರ, ಆ ಸಾಲಕ್ಕೆ ಜಮೀನಿನ ಅಡಮಾನ, ಮಾರುವ ಬಾಡಿಗೆಗೆ ಕೊಡುವ ಅಧಿಕಾರವನ್ನೆಲ್ಲ ನಿಮಗೆ ಬರೆದುಕೊಡುವ ರದ್ದುಮಾಡಲಾಗದ ಅಧಿಕಾರ ಪತ್ರ, ನಿಜವಾದ ಮಾಲೀಕರು ನೀವೇ ಎಂಬ ಹೇಳಿಕೆ ಪತ್ರ. ನೋಡಲು ಗಟ್ಟಿ. ಆದರೆ ಜಮೀನಿನ ವಿಷಯದಲ್ಲಿ ಅಂಥ ಸಂಪೂರ್ಣ ಅಧಿಕಾರ ಪತ್ರವನ್ನು ಅಲ್ಲಿನ ಗೃಹ ಇಲಾಖೆ 1982ರಲ್ಲೇ ನಿಷೇಧಿಸಿದೆ. ಹೇಳಿಕೆ ಪತ್ರವಂತೂ ಕಾನೂನು ಮುರಿದದ್ದಕ್ಕೆ ನೀವೇ ಸಹಿ ಹಾಕಿಟ್ಟ ಸಾಕ್ಷಿ. ಸಾಲ ಪತ್ರವೊಂದು ಉಳಿಯಬಹುದು ಎಂದುಕೊಂಡರೂ, ನಾಲ್ಕನ್ನೂ ಒಟ್ಟಿಗೆ ಓದಿದ ನ್ಯಾಯಾಧೀಶರಿಗೆ ಉದ್ದೇಶ ಏನಿತ್ತು ಎಂಬುದು ಕಾಣದೇ ಇರದು.

ಇದರಲ್ಲಿ ಆ ಮನೆಯ ಯಜಮಾನರು ಮೋಸಗಾರರಾಗಿರಬೇಕೆಂದೇನೂ ಇಲ್ಲ. ಬಹಳಷ್ಟು ಪ್ರಕರಣಗಳಲ್ಲಿ ಅವರು ಒಳ್ಳೆಯವರೇ. ಅವರ ಬದುಕು ನಡೆದುಕೊಂಡು ಹೋಗುತ್ತದೆ, ಕಷ್ಟ ಬರುವುದು ಅಲ್ಲಿಂದ. ಅವರು ತೀರಿಕೊಂಡರೆ ಜಮೀನು ಅವರ ವಾರಸುದಾರರಿಗೆ ಹೋಗುತ್ತದೆ, ಮಕ್ಕಳು ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ವಿಚ್ಛೇದನವಾದರೆ ಮದುವೆಯ ನಂತರ ಗಳಿಸಿದ ಆಸ್ತಿ ಎಂದು ಹೆಂಡತಿ ಪಾಲು ಕೇಳುತ್ತಾರೆ. ಮಗನ ಓದಿಗೆ ಬ್ಯಾಂಕ್ ಸಾಲ ಬೇಕಾದರೆ ಒತ್ತೆಯಿಡಲು ಅವರ ಹೆಸರಿನಲ್ಲಿರುವುದು ಆ ಪ್ರಮಾಣಪತ್ರವೇ. ಇವು ಯಾವುವೂ ಆಗದಿದ್ದರೂ, ಬೆಲೆ ಮೂರು ಪಟ್ಟಾದ ದಿನ ‘ಇದು ನಿಮ್ಮದು’ ಎಂದು ಹೇಳುತ್ತಲೇ ಇರುವುದು ಯಾರಿಗೂ ಸುಲಭವಲ್ಲ.

ಆ ಎರಡು ಕಾಗದ

ಪಿಪಿಲ್ ಎಂಬುದು ಹಳೆಯ ಭೂಕಂದಾಯದ ದಾಖಲೆ. ಕಂದಾಯ ರಸೀದಿ ತೋರಿಸಿ ಜಮೀನು ಮಾರಲು ಬಂದವರಿಗೆ ನಮ್ಮೂರಿನಲ್ಲಿ ನೀವು ಏನು ಹೇಳುತ್ತೀರೋ ಅದನ್ನೇ ಇಲ್ಲೂ ಹೇಳಿ. ಸ್ಪೊರಾದಿಕ್ ಎಂದರೆ ‘ಈ ಜಮೀನು ಇಷ್ಟು ವರ್ಷದಿಂದ ನನ್ನ ಸ್ವಾಧೀನದಲ್ಲಿದೆ’ ಎಂದು ಸ್ವಾಧೀನದಲ್ಲಿರುವವರೇ ಬರೆದು, ಸಾಕ್ಷಿಗಳಿಂದಲೂ ಗ್ರಾಮದ ಮುಖ್ಯಸ್ಥರಿಂದಲೂ ಸಹಿ ಹಾಕಿಸಿದ ಘೋಷಣೆ. ಎರಡೂ ಒಡೆತನದ ಪತ್ರಗಳಲ್ಲ. 2021ರ 18ನೇ ಸರ್ಕಾರಿ ನಿಯಮಾವಳಿ ಹಳೆಯ ಕಾಗದಗಳನ್ನು ನೋಂದಾಯಿಸಿಕೊಳ್ಳಲು ಐದು ವರ್ಷದ ಗಡುವು ಇಟ್ಟಿತ್ತು. ಅದು 2026ರ ಫೆಬ್ರುವರಿಗೆ ಮುಗಿದಿದೆ. ಈಗ ಅವು ಹಕ್ಕಿನ ಪುರಾವೆಯಲ್ಲ, ನೋಂದಣಿಗೆ ಹೋಗುವಾಗ ದಾರಿ ತೋರಿಸುವ ಸುಳಿವು ಮಾತ್ರ.

ಬೇಕಾದದ್ದು ಭೂ ಇಲಾಖೆ ಕೊಡುವ ‘ಸೆರ್ತಿಫಿಕಾತ್ ಹಕ್ ಮಿಲಿಕ್’, ಬಾಯಿಮಾತಿನಲ್ಲಿ ಎಸ್‌ಎಚ್‌ಎಂ. ಅದರಲ್ಲಿ ಸರ್ವೆ ನಕ್ಷೆ, ವಿಸ್ತೀರ್ಣ, ಮಾಲೀಕರ ಹೆಸರು ಎಲ್ಲ ಇರುತ್ತವೆ. ಜಮೀನಿನ ಮೇಲೆ ಅಡಮಾನವೋ ತಕರಾರೋ ಇದೆಯೇ ಎಂದು ತಿಳಿಯಲು ಜಿಲ್ಲಾ ಭೂ ಕಚೇರಿಯಿಂದ ‘ಎಸ್‌ಕೆಪಿಟಿ’ ಎಂಬ ಪತ್ರ ತೆಗೆಸಬೇಕು. ನಮ್ಮ ಋಣಭಾರ ಪತ್ರದ ಕೆಲಸವನ್ನು ಮಾಡುವುದು ಅದೇ. ತೆತೆಬಾತು ಇರುವುದು ಪೂರ್ವ ಲೊಂಬೊಕ್ ಜಿಲ್ಲೆಯ ಸಿಕುರ್ ತಾಲ್ಲೂಕಿನಲ್ಲಿ, ಜಿಲ್ಲಾ ಕೇಂದ್ರ ಸೆಲೊಂಗ್. ‘ಸೆಂತುಹ್ ತಾನಾಹ್‌ಕು’ ಎಂಬ ಇಲಾಖೆಯ ಆ್ಯಪ್‌ನಲ್ಲಿ ನಕ್ಷೆ ಮೇಲ್ನೋಟಕ್ಕೆ ಸಿಗುತ್ತದೆ. ಹಣ ಕೊಡುವಾಗ ಅದನ್ನೇ ನಂಬಬೇಡಿ.

ಅಣ್ಣನ ಜಮೀನನ್ನು ತಮ್ಮ ತೋರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಅಪ್ಪ ಬಿಟ್ಟುಹೋದ ಗದ್ದೆ ಇನ್ನೂ ಪಾಲಾಗದೆ ಉಳಿದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅಕ್ಕತಂಗಿಯರೂ ಸೇರಿ ಎಲ್ಲ ವಾರಸುದಾರರ ಸಹಿ ಬೇಕು. ಮಲೇಷ್ಯಾಕ್ಕೆ ದುಡಿಯಲು ಹೋದ ತಮ್ಮನೊಬ್ಬ ಇರಬಹುದು, ಪೂರ್ವ ಲೊಂಬೊಕ್‌ನ ಮನೆಗಳಲ್ಲಿ ಅದು ಅಪರೂಪವಲ್ಲ. ಅವನ ಸಹಿಯೂ ಬೇಕು.

ಇನ್ನೊಂದು ತೊಡಕು, ಅದು ಗದ್ದೆ. 2009ರ 41ನೇ ಕಾಯ್ದೆ ಆಹಾರ ಬೆಳೆಯುವ ಭೂಮಿಯನ್ನು ಕಾಪಾಡುತ್ತದೆ. ‘ಸಂರಕ್ಷಿತ ಗದ್ದೆ’ ಎಂದು ನಕ್ಷೆಯಲ್ಲಿ ಗುರುತಾದ ಕಡೆ ಮನೆ ಕಟ್ಟಲು ಪರವಾನಗಿ ಸಿಗದು. ಹಿಂದಿನ ಐಎಂಬಿ ಹೋಗಿ 2021ರಿಂದ ‘ಪಿಬಿಜಿ’ ಎಂಬ ಕಟ್ಟಡ ಅನುಮತಿ ಬಂದಿದೆ. ಅದಕ್ಕೂ ಮೊದಲು ಆ ಜಾಗದಲ್ಲಿ ಆ ಬಳಕೆ ಸಲ್ಲುತ್ತದೆ ಎಂಬ ‘ಕೆಕೆಪಿಆರ್’ ಬೇಕು. ಪಕ್ಕದ ಗದ್ದೆಯಲ್ಲಿ ಬಂಗಲೆ ಎದ್ದಿದೆ ಎಂಬುದು ಪುರಾವೆಯಲ್ಲ, ಅದಕ್ಕೂ ಪಿಬಿಜಿ ಇರಲಿಕ್ಕಿಲ್ಲ. ಮೇಲಾಗಿ 1961ರ ನಿಯಮವೊಂದು ಕೃಷಿಭೂಮಿಯ ಮಾಲೀಕ ಅದೇ ತಾಲ್ಲೂಕಿನಲ್ಲಿ ವಾಸವಿರಬೇಕು ಎನ್ನುತ್ತದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ನಮ್ಮ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಹೋದ ಮೇಲೆ ಇಂಥ ಮಾತು ಹಳೆಯ ಕಾಲದ್ದು ಅನ್ನಿಸಬಹುದು. ಅಲ್ಲಿ ಜಕಾರ್ತಾದ ಪ್ರಜೆಗೂ ಆ ಗದ್ದೆ ಕೊಳ್ಳಲು ತೊಡಕಿದೆ.

ಕಾನೂನು ಬಿಡುವ ದಾರಿಗಳು

ವಿದೇಶಿಯರಿಗೆ ‘ಹಕ್ ಪಾಕೈ’ ಎಂಬ ಬಳಕೆಯ ಹಕ್ಕು ಇದೆ. ಸರ್ಕಾರಿ ಭೂಮಿಯ ಮೇಲಾದರೆ ಮೊದಲು 30 ವರ್ಷ, ವಿಸ್ತರಣೆ 20, ನವೀಕರಣ 30. ಎಲ್ಲ ಕೂಡಿಸಿ ‘80 ವರ್ಷದ ಹಕ್ಕು’ ಎಂದು ದಲ್ಲಾಳಿಗಳು ಹೇಳುತ್ತಾರೆ. ಕೈಗೆ ಬರುವುದು ಮೊದಲ 30, ಉಳಿದದ್ದು ಅಂದಿನ ಅಧಿಕಾರಿ ಒಪ್ಪಿದರೆ. ಇದು ವಾಸದ ಮನೆಗೆ ಮಾತ್ರ, ಗದ್ದೆಗಲ್ಲ. ವಿದೇಶಿ ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆಯನ್ನೂ ನಿಗದಿ ಮಾಡಿದ್ದಾರೆ, ಅದು ಮಿಲ್ಯಾರ್‌ಗಳ ಲೆಕ್ಕದಲ್ಲಿದೆ. ನಿಮ್ಮ 300 ಜುತಾ ಅದರ ಹತ್ತಿರಕ್ಕೂ ಹೋಗದು.

ಎರಡನೆಯದು ವಿದೇಶಿ ಹೂಡಿಕೆಯ ಕಂಪನಿ, ‘ಪಿಟಿ ಪಿಎಂಎ’. ಕಂಪನಿಯ ಹೆಸರಿಗೆ ಕಟ್ಟಡದ ಹಕ್ಕು ಸಿಗುತ್ತದೆ. ಆದರೆ ಅಂಥ ಕಂಪನಿ ಯಾವಾಗಲೂ ದೊಡ್ಡ ಉದ್ಯಮವೇ ಆಗಿರಬೇಕು: ಜಮೀನು ಕಟ್ಟಡ ಬಿಟ್ಟು 10 ಮಿಲ್ಯಾರ್ ರೂಪಿಯಾಕ್ಕಿಂತ ಹೆಚ್ಚಿನ ಹೂಡಿಕೆ ಯೋಜನೆ, ನಮ್ಮ ಸುಮಾರು 5.3 ಕೋಟಿ ರೂಪಾಯಿ. ಸಣ್ಣ ಹೋಂಸ್ಟೇಗಳನ್ನು ಊರಿನವರಿಗೇ ಬಿಡಬೇಕೆಂಬುದು ಈ ಗೋಡೆಯ ಉದ್ದೇಶ. ನನ್ನ ಅಭಿಪ್ರಾಯ ಕೇಳಿದರೆ, ಅದು ಸರಿಯೂ ಹೌದು. 5.3 ಕೋಟಿ ಎಂದು ಕಾಗದದಲ್ಲಿ ತೋರಿಸಿ ನಿಜದಲ್ಲಿ 30 ಲಕ್ಷ ಹಾಕುವ ಕಂಪನಿಗಳನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಹೂಡಿಕೆ ವರದಿಯೇ ಬಯಲಿಗೆಳೆಯುತ್ತದೆ.

ಮೂರನೆಯದು ಗೇಣಿ, ಅಲ್ಲಿ ‘ಸೆವಾ’. ಮನೆಗೆ ವರ್ಷದ ಲೆಕ್ಕದಲ್ಲಿ ಕೊಟ್ಟರೆ ಬಾಯಿಮಾತಿನಲ್ಲಿ ‘ಕೊಂತ್ರಾಕ್’. ನಿಮ್ಮಂಥವರಿಗೆ ಇದೇ ಸರಿಯಾದ ದಾರಿ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ವರ್ಷ ಗದ್ದೆಯನ್ನಲ್ಲ, ಕಟ್ಟಿದ ಮನೆಯನ್ನು ಹಿಡಿಯಿರಿ. ಬಾಡಿಗೆ ಸಾಮಾನ್ಯವಾಗಿ ಇಡೀ ವರ್ಷದ್ದು ಮುಂಗಡ. ಎರಡು ಮಳೆಗಾಲ ನೋಡಿದ ಮೇಲೂ ಮನಸ್ಸಿದ್ದರೆ ಐದು ವರ್ಷಕ್ಕೆ ಹೋಗಿ. ಇಪ್ಪತ್ತೈದು ವರ್ಷದ ಹಣ ಒಮ್ಮೆಗೇ ಕೊಟ್ಟು ಖಾಲಿ ಗದ್ದೆಯಲ್ಲಿ ಕಟ್ಟುವುದು ಬಾಲಿಯಲ್ಲಿ ರೂಢಿಯಾಗಿದೆ. ಅವಧಿ ಮುಗಿದಾಗ ಕಟ್ಟಡ ಜಮೀನಿನವರಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಪತ್ರ ಇಂಡೊನೇಷ್ಯಾದ ಭಾಷೆಯಲ್ಲಿ ಇರಲೇಬೇಕು. ಅಲ್ಲಿನ ಪ್ರಜೆಯ ಜೊತೆಗಿನ ಒಪ್ಪಂದ ಅವರ ಭಾಷೆಯಲ್ಲಿರಬೇಕೆಂದು 2009ರ 24ನೇ ಕಾಯ್ದೆ ಹೇಳುತ್ತದೆ, ಬರೀ ಇಂಗ್ಲಿಷಿನಲ್ಲಿದ್ದ ಒಪ್ಪಂದಗಳನ್ನು ಕೋರ್ಟುಗಳು ಅಸಿಂಧು ಮಾಡಿವೆ. ಪಕ್ಕದಲ್ಲಿ ಇಂಗ್ಲಿಷ್ ಕಾಲಂ ಇಟ್ಟುಕೊಳ್ಳಿ, ತಕರಾರು ಬಂದರೆ ಯಾವ ಭಾಷೆಯ ಪಾಠ ನಡೆಯುತ್ತದೆ ಎಂದೂ ಬರೆಸಿ. ಮಾಲೀಕರ ನೋಟರಿ ಬೇಡ, ಸೆಲೊಂಗ್ ಅಥವಾ ಪ್ರಾಂತ್ಯದ ರಾಜಧಾನಿ ಮಾತರಮ್‌ನಲ್ಲಿ ನಿಮ್ಮದೇ ನೋಟರಿ ಹಿಡಿಯಿರಿ. ಸಹಿ ಮಾಲೀಕರದ್ದಷ್ಟೇ ಸಾಲದು, ಅವರ ಹೆಂಡತಿಯದ್ದೂ ಬೇಕು. ಪಿತ್ರಾರ್ಜಿತವಾದರೆ ಎಲ್ಲ ವಾರಸುದಾರರದ್ದು. ಬಾಡಿಗೆ ಆದಾಯದ ಮೇಲೆ 10% ಅಂತಿಮ ತೆರಿಗೆ ಇದೆ, ಯಾರು ಕಟ್ಟಬೇಕೆಂದು ಬರೆಯದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ‘ಮುಂದೆ ಪರಸ್ಪರ ಒಪ್ಪಿದ ಬೆಲೆಗೆ ವಿಸ್ತರಣೆ’ ಎಂಬ ಸಾಲಿಗೆ ಅರ್ಥವೇ ಇಲ್ಲ. ವರ್ಷಕ್ಕೆ ಇಷ್ಟು ಶೇಕಡ ಏರಿಕೆ ಎಂದು ಸೂತ್ರವನ್ನೇ ಬರೆಸಿ. ಮಾಲೀಕ ಜಮೀನು ಮಾರಿದರೂ ಗೇಣಿ ಮುರಿಯುವುದಿಲ್ಲ ಎಂದು ಅಲ್ಲಿನ ಸಿವಿಲ್ ಸಂಹಿತೆಯ 1576ನೇ ವಿಧಿ ಕಾಪಾಡುತ್ತದೆ. ಅದನ್ನೂ ಪತ್ರದಲ್ಲಿ ಮತ್ತೆ ಬರೆಸಿದರೆ ಕೊಂಡವರ ಜೊತೆ ವಾದ ಬರುವುದಿಲ್ಲ. ದಾರಿ ಮತ್ತು ನೀರು ಎರಡನ್ನೂ ಮರೆಯಬೇಡಿ. ಗದ್ದೆಯ ನಡುವಿನ ಮನೆಗೆ ಹೋಗುವ ಬದು ಬೇರೆಯವರದ್ದಾಗಿರುತ್ತದೆ. ಕಾಲುವೆಯ ನೀರಿನ ಸರದಿ ನೋಡಿಕೊಳ್ಳುವ ‘ಪೆಕಾಸಿಹ್’ ಎಂಬವರಿರುತ್ತಾರೆ, ಅವರನ್ನು ಕೇಳದೆ ಪೈಪು ಹಾಕಿಸಿದರೆ ಊರು ನಿಮ್ಮ ವಿರುದ್ಧ ನಿಲ್ಲುತ್ತದೆ.

ಹೋಂಸ್ಟೇ ಲೆಕ್ಕ

ಮೋಟೋಜಿಪಿ ನಡೆಯುವ ಮಂದಾಲಿಕಾ ದ್ವೀಪದ ದಕ್ಷಿಣ ಕಡಲ ತೀರದಲ್ಲಿದೆ. 2022ರಲ್ಲಿ ಅಲ್ಲಿ ಮೊದಲ ಮೋಟೋಜಿಪಿ ಓಟ ನಡೆದದ್ದೂ, ಆ ಕಡಲಂಚಿನ ಬೆಲೆ ಏರಿದ್ದೂ ನಿಜ. ತೆತೆಬಾತು ಇರುವುದು 3,726 ಮೀಟರ್ ಎತ್ತರದ ರಿಂಜಾನಿ ಪರ್ವತದ ದಕ್ಷಿಣ ಇಳಿಜಾರಿನಲ್ಲಿ. ಇಲ್ಲಿಗೆ ಬರುವವರು ಗದ್ದೆ, ಜಲಪಾತ, ಕರಿಮಂಗನ ಕಾಡು ನೋಡಿ ಒಂದೆರಡು ರಾತ್ರಿ ಇದ್ದು ಹೋಗುವವರು. 2021ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಉತ್ತಮ ಹಳ್ಳಿ ಸ್ಪರ್ಧೆಗೆ ಇಂಡೊನೇಷ್ಯಾ ಕಳಿಸಿದ ಮೂರು ಹೆಸರುಗಳಲ್ಲಿ ತೆತೆಬಾತುವೂ ಇತ್ತು, ಗೆದ್ದದ್ದು ಜಾವಾದ ನ್ಗ್ಲಾಂಗ್ಗೆರಾನ್. ಹೆಸರು ಬಂತು, ಹೋಂಸ್ಟೇಗಳೂ ಹೆಚ್ಚಿದವು. ಕೋಣೆಗಳು ಹೆಚ್ಚಿದರೆ ಬಾಡಿಗೆ ಏರುವುದಿಲ್ಲ.

ಉದಾಹರಣೆಗೆ ಹೀಗೆ ಲೆಕ್ಕ ಹಾಕಿ. ಮೂರು ಕೋಣೆ, ರಾತ್ರಿಗೆ 2,50,000 ರೂಪಿಯಾ, ವರ್ಷದಲ್ಲಿ 128 ರಾತ್ರಿ ತುಂಬಿದರೆ (ಶೇಕಡ 35) ಒಟ್ಟು 96 ಜುತಾ. ಬುಕಿಂಗ್ ಜಾಲತಾಣದ ಕಮಿಷನ್ 15% ಕಳೆದರೆ 81.6 ಜುತಾ. ಆ ಪ್ರಾಂತ್ಯದ 2025ರ ಕನಿಷ್ಠ ಕೂಲಿ ತಿಂಗಳಿಗೆ ಸುಮಾರು 2.6 ಜುತಾ. ಹಬ್ಬಕ್ಕೆ ಒಂದು ತಿಂಗಳ ಹೆಚ್ಚುವರಿ ಸಂಬಳ ಕೊಡುವುದು ಕಡ್ಡಾಯ, ಹಾಗಾಗಿ ವರ್ಷಕ್ಕೆ ಹದಿಮೂರು ಸಂಬಳ. ಇಬ್ಬರಿಗೆ 67.6 ಜುತಾ. ಉಳಿದದ್ದು 14 ಜುತಾ, ನಮ್ಮ 74 ಸಾವಿರ ರೂಪಾಯಿಯಷ್ಟು. ತಿಂಡಿ, ಕರೆಂಟು, ಸೋರುವ ಛಾವಣಿ, ಕೆಟ್ಟ ಪಂಪು, ಸ್ಥಳೀಯ ತೆರಿಗೆ ಎಲ್ಲ ಇದರಲ್ಲೇ. ಊರಿನ ಕುಟುಂಬಕ್ಕೆ ಇದು ಹೇಗೆ ಕಟ್ಟುತ್ತದೆ? ಅವರು ಸಂಬಳ ಕೊಡುವುದಿಲ್ಲ, ಮನೆಯವರೇ ದುಡಿಯುತ್ತಾರೆ, ಅನ್ನ ಅವರದೇ ಗದ್ದೆಯದು.

ನೀವೇ ದುಡಿಯುತ್ತೇವೆ ಎನ್ನುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಅತಿಥಿಗಳಿಗೆ ಕೀ ಕೊಡುವುದನ್ನೂ ಕೆಲಸ ಎಂದು ಪರಿಗಣಿಸಬಹುದು. ವಾಸದ ಅನುಮತಿಯ ದುರ್ಬಳಕೆಗೆ 2011ರ ವಲಸೆ ಕಾಯ್ದೆಯ 122ನೇ ವಿಧಿ ಐದು ವರ್ಷದವರೆಗೆ ಜೈಲು, 500 ಜುತಾದವರೆಗೆ ದಂಡ ಇಟ್ಟಿದೆ. ಪಕ್ಕದ ಹೋಂಸ್ಟೇಯವರ ಒಂದು ದೂರು ಸಾಕು.

ಭಾರತದ ಕಡೆಯ ಕಟ್ಟು

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು, ನಿಮ್ಮ ಮೊತ್ತಕ್ಕೆ ಅದು ಧಾರಾಳ. ಆದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಜಮೀನಿಗೆ 16 ಲಕ್ಷ, ಕಟ್ಟಡಕ್ಕೆ 20 ಲಕ್ಷ ಒಬ್ಬರೇ ಒಂದೇ ವರ್ಷ ಕಳಿಸಿದರೆ 5.2 ಲಕ್ಷ ಟಿಸಿಎಸ್. ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೂ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ.

ಬೇನಾಮಿಯ ಕುಣಿಕೆ ಬಿಗಿಯುವುದು ಆದಾಯ ತೆರಿಗೆ ರಿಟರ್ನ್‌ನಲ್ಲಿ. ಭಾರತದ ನಿವಾಸಿಗಳು ವಿದೇಶದ ಆಸ್ತಿಯನ್ನು ಎಫ್‌ಎ ಅನುಸೂಚಿಯಲ್ಲಿ ತೋರಿಸಬೇಕು, ಬೇರೆಯವರ ಹೆಸರಿನಲ್ಲಿದ್ದು ನಿಮ್ಮ ಲಾಭಕ್ಕಿರುವುದನ್ನೂ ಸೇರಿಸಿ. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ತೋರಿಸಿದರೆ? ‘ಲೊಂಬೊಕ್‌ನ ಆ ಗದ್ದೆ ನಿಜವಾಗಿ ನನ್ನದು’ ಎಂದು ನೀವೇ ಲಿಖಿತವಾಗಿ ಒಪ್ಪಿಕೊಂಡ ಹಾಗೆ, ಇಂಡೊನೇಷ್ಯಾದ ಕಾನೂನು ಅಸಿಂಧು ಎನ್ನುವುದು ಅದನ್ನೇ. ಬಾಡಿಗೆ ಮನೆಗೆ ಈ ಇಕ್ಕಟ್ಟಿಲ್ಲ. ಐದು ವರ್ಷ ಮೀರದ ಗೇಣಿಯನ್ನು 2022ರ ಸಾಗರೋತ್ತರ ಹೂಡಿಕೆ ನಿಯಮಗಳು ವಿದೇಶಿ ಸ್ಥಿರಾಸ್ತಿ ನಿರ್ಬಂಧದಿಂದ ಹೊರಗಿಟ್ಟಿವೆ. ಮೇಲೆ ಐದು ವರ್ಷ ಎಂದದ್ದಕ್ಕೆ ಇದೂ ಒಂದು ಕಾರಣ.

ಇನ್ನು ಅಲ್ಲಿ ಇರುವುದು

ಭಾರತೀಯರಿಗೆ ಇಳಿದಾಗ ಸಿಗುವ ವೀಸಾಗೆ 5,00,000 ರೂಪಿಯಾ, 30 ದಿನ, ಒಮ್ಮೆ ವಿಸ್ತರಿಸಿ 60. ಆರು ತಿಂಗಳಿಗೆ ಅದು ಸಾಲದು. ಊರಿನಿಂದಲೇ ‘ಸಿ1’ ಪ್ರವಾಸಿ ವೀಸಾ ಮಾಡಿಸಿಕೊಳ್ಳಿ, 60 ದಿನದಿಂದ ಶುರುವಾಗಿ ವಿಸ್ತರಿಸುತ್ತ 180 ದಿನದವರೆಗೆ ಹೋಗುತ್ತದೆ. ವಿಸ್ತರಣೆಗೆ ಈಗ ಖುದ್ದಾಗಿ ವಲಸೆ ಕಚೇರಿಗೆ ಹೋಗಿ ಫೋಟೋ ತೆಗೆಸಬೇಕು, ಅವಧಿ ಮುಗಿಯುವ ಎರಡು ವಾರ ಮೊದಲೇ ಹೊರಡಿ. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರೂಪಿಯಾ ದಂಡ, 60 ದಿನ ಮೀರಿದರೆ ಗಡೀಪಾರು. ಹನ್ನೆರಡು ತಿಂಗಳ ಯಾವುದೇ ಅವಧಿಯಲ್ಲಿ 183 ದಿನ ಮೀರಿ ಇದ್ದರೆ ಅಲ್ಲಿನ ತೆರಿಗೆ ನಿವಾಸಿಗಳಾಗುತ್ತೀರಿ, ಹಾಗಾಗಿ ದಿನಗಳನ್ನು ಡೈರಿಯಲ್ಲಿ ಎಣಿಸಿಡಿ. ಎರಡನೇ ಮನೆ ವೀಸಾ ಎಂಬುದೂ ಇದೆ, ಅಲ್ಲಿನ ಸರ್ಕಾರಿ ಬ್ಯಾಂಕಿನಲ್ಲಿ 1,30,000 ಡಾಲರ್ ಇಡಬೇಕು. ನಿಮ್ಮ ಉದ್ದೇಶಕ್ಕೆ ಅದು ಅತಿಯಾಯಿತು.

ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ 2024ರಿಂದ ನೇರ ವಿಮಾನವಿದೆ. ಅಲ್ಲಿಂದ ಲೊಂಬೊಕ್‌ಗೆ ವಿಮಾನದಲ್ಲಿ ಅರ್ಧ ಮುಕ್ಕಾಲು ಗಂಟೆ, ಪಾದಂಗ್‌ಬಾಯಿಯಿಂದ ಲೆಂಬಾರ್‌ಗೆ ದೋಣಿಯಲ್ಲಿ ನಾಲ್ಕೈದು ಗಂಟೆ. ಸಾಮಾನು ಹೆಚ್ಚಿದ್ದರೆ ದೊಡ್ಡ ದೋಣಿಯೇ ವಾಸಿ, ಸಣ್ಣ ವೇಗದ ದೋಣಿ ಅಲೆಗೆ ಬಡಿದಾಗ ಹೊಟ್ಟೆ ತಡೆಯುವುದಿಲ್ಲ. ಕ್ವಾಲಾಲಂಪುರ, ಸಿಂಗಪುರದಿಂದ ಲೊಂಬೊಕ್‌ಗೆ ನೇರ ವಿಮಾನಗಳಿವೆ. ವಿಮಾನ ನಿಲ್ದಾಣದಿಂದ ಹಳ್ಳಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ನಮ್ಮ ಹಾಗೆ ಎಡಬದಿಯ ಓಡಾಟ. ಅಂತರರಾಷ್ಟ್ರೀಯ ಪರವಾನಗಿಯಲ್ಲಿ ದ್ವಿಚಕ್ರ ವಾಹನವೂ ನಮೂದಾಗಿರಲಿ, ಇಲ್ಲದಿದ್ದರೆ ಬಿದ್ದ ದಿನ ವಿಮೆಯವರು ಕೈ ಎತ್ತುತ್ತಾರೆ. ಭಾರತದ ಫೋನಿಗೆ ಅಲ್ಲಿನ ಸಿಮ್ ಪ್ರವಾಸಿ ನೋಂದಣಿಯಲ್ಲಿ 90 ದಿನ ಮಾತ್ರ ನಡೆಯುತ್ತದೆ. ಹೆಚ್ಚು ದಿನ ಇರುವವರು ಇಳಿದ ಕೂಡಲೇ ಕಸ್ಟಮ್ಸ್‌ನಲ್ಲಿ ಐಎಂಇಐ ನೋಂದಾಯಿಸಬೇಕು.

ನೀವು ನೋಡಿದ್ದು ಆಗಸ್ಟ್, ಒಣ ಹವೆಯ ನಡುಭಾಗ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅದೇ ಊರು ಬೇರೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಹೊಸದೇನಲ್ಲ: ಒಣಗದ ಬಟ್ಟೆ, ಬೂಷ್ಟು ಹಿಡಿದ ಚಪ್ಪಲಿ, ಹೋಗಿ ಬರುವ ಕರೆಂಟು. ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ರಿಂಜಾನಿ ಚಾರಣವೂ ಮುಚ್ಚಿರುತ್ತದೆ. ಒಣಗಾಲದಲ್ಲಿ ಪೂರ್ವ ಲೊಂಬೊಕ್‌ನ ಗದ್ದೆಗಳು ವರ್ಜೀನಿಯಾ ತಂಬಾಕಿಗೆ ತಿರುಗುತ್ತವೆ. ಪಿರಿಯಾಪಟ್ಟಣ, ಹುಣಸೂರಿನ ಬ್ಯಾರನ್ ಹೊಗೆ ಕಂಡ ನಿಮಗೆ ಆ ವಾಸನೆ ಗುರುತು ಸಿಕ್ಕಿರಬೇಕು. ಆಸ್ತಮಾ ಇದ್ದರೆ ಮನೆ ಹಿಡಿಯುವಾಗ ಹತ್ತಿರ ಒಣಗಿಸುವ ಗೂಡು ಇದೆಯೇ ನೋಡಿ.

ಭೂಕಂಪವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಜುಲೈ 29, ಆಗಸ್ಟ್ 5 ಮತ್ತು 19ರಂದು ಲೊಂಬೊಕ್ ನಡುಗಿತು, ಐನೂರಕ್ಕೂ ಹೆಚ್ಚು ಜನ ಸತ್ತರು. ಕಂಬ, ಪಟ್ಟಿಗಳಿಲ್ಲದೆ ಬರೀ ಇಟ್ಟಿಗೆ ಕಟ್ಟಿದ ಮನೆಗಳು ರಾಶಿ ರಾಶಿ ಕುಸಿದವು. ಬಾಡಿಗೆ ಮನೆ ನೋಡುವಾಗ ನೋಟಕ್ಕೆ ಮರುಳಾಗದೆ ನಾಲ್ಕು ಮೂಲೆ ನೋಡಿ. ಅಲ್ಲಿನ ಸಣ್ಣ ಮನೆಗಳ ನಿಯಮದ ಪ್ರಕಾರ ಅಡಿಪಾಯದ ಮೇಲೆ 15×20 ಸೆಂಟಿಮೀಟರ್ ಕಾಂಕ್ರೀಟ್ ಪಟ್ಟಿ (‘ಸ್ಲೂಫ್’), ಮೂಲೆಗಳಲ್ಲೂ ಪ್ರತಿ 3 ಮೀಟರಿಗೂ 15×15ರ ಕಂಬ, ಗೋಡೆಯ ತಲೆಯ ಮೇಲೆ 12×15ರ ಪಟ್ಟಿ (‘ರಿಂಗ್ ಬಾಲ್ಕ್’) ಇರಬೇಕು. ಇವಕ್ಕೆ 10 ಮಿಲಿಮೀಟರ್‌ನ ನಾಲ್ಕು ಕಬ್ಬಿಣ, 15 ಸೆಂಟಿಮೀಟರಿಗೊಂದು 8 ಮಿಲಿಮೀಟರ್‌ನ ರಿಂಗು. ಗೋಡೆಯ ಮೇಲಿನ ಪಟ್ಟಿ ಗಿಲಾವಿನ ಹಿಂದೆ ಅಡಗಿರುತ್ತದೆ, ಕಟ್ಟುವಾಗಿನ ಫೋಟೋ ಕೇಳಿ, ಈಗ ಎಲ್ಲರ ಫೋನಿನಲ್ಲೂ ಇರುತ್ತದೆ. ಮಾಡಿನ ಕೆಳಗಿನ ತ್ರಿಕೋನ ಗೋಡೆ ಇಟ್ಟಿಗೆಯದಾದರೆ ಅದರ ಕೆಳಗೆ ಹಾಸಿಗೆ ಹಾಕಬೇಡಿ, ಮೊದಲು ಬೀಳುವುದು ಅದೇ. ಮುಂದೆಂದಾದರೂ ಕಟ್ಟಿಸುವ ಮಾತು ಬಂದರೆ ‘ಬೆಸಿ ಬಾಂಚಿ’ ಎಂಬ ಪದ ನೆನಪಿಡಿ. 10 ಎಂದು ಮಾರುವ, ಅಳೆದರೆ 8.5 ಇರುವ ಕಬ್ಬಿಣಕ್ಕೆ ಅಂಗಡಿಯವರೇ ಇಟ್ಟ ಹೆಸರು ಅದು. ದಪ್ಪ ಅಳೆಯಲು ವರ್ನಿಯರ್ ಒಯ್ಯಿರಿ.

ಊಟದ ವಿಷಯ. ‘ಸಾಯಾ ವೆಜಿತೇರಿಯನ್’ ಎಂದರೆ ಮಾಂಸ ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಲೊಂಬೊಕ್‌ನ ಹೆಮ್ಮೆಯ ಪ್ಲೆಚಿಂಗ್ ಕಾಂಗ್‌ಕುಂಗ್ ನೋಡಲು ಬರೀ ಸೊಪ್ಪು, ಖಾರದಲ್ಲಿ ಅರೆದಿರುವುದು ‘ತೆರಾಸಿ’ ಎಂಬ ಸಿಗಡಿ ಹುದುಗು. ‘ತಾನ್ಪಾ ತೆರಾಸಿ, ತಾನ್ಪಾ ಉದಾಂಗ್, ತಾನ್ಪಾ ಇಕಾನ್’ ಎಂದು ಒಂದೊಂದೇ ಹೇಳಿ: ತೆರಾಸಿ ಬೇಡ, ಸಿಗಡಿ ಬೇಡ, ಮೀನು ಬೇಡ. ತೆಂಪೆ, ತಾಹು (ಎರಡೂ ಸೋಯಾದವು), ಹಲಸಿನಕಾಯಿ, ತೆಂಗಿನಕಾಯಿ, ಅನ್ನ ಧಾರಾಳ. ತೊಗರಿಬೇಳೆ, ಸಾರಿನ ಪುಡಿ, ಇಂಗು ಮನೆಯಿಂದಲೇ ಒಯ್ಯಬೇಕು.

ಊರು ಸಾಸಾಕ್ ಮುಸ್ಲಿಮರದು. ನಸುಕಿನ ಆಜಾನ್ ಧ್ವನಿವರ್ಧಕ ಹತ್ತಿರದಲ್ಲೇ ಇರುತ್ತದೆ, ನಿದ್ದೆ ಹಗುರವಾದವರು ಮನೆ ಆರಿಸುವಾಗ ನೋಡಿಕೊಳ್ಳಿ. ಬಂದ ದಿನವೇ ಕೇರಿಯ ಮುಖ್ಯಸ್ಥ ‘ಕಾದುಸ್’ ಹತ್ತಿರ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಹೆಸರು ಹೇಳಿ ಬನ್ನಿ. ಅತಿಥಿಗಳು 24 ಗಂಟೆಯೊಳಗೆ ತಿಳಿಸಬೇಕೆಂಬ ಫಲಕ ಸುಮ್ಮನೆ ಹಾಕಿದ್ದಲ್ಲ. ಸಣ್ಣಪುಟ್ಟ ಜ್ವರಕ್ಕೆ ಹತ್ತಿರದ ‘ಪುಸ್ಕೆಸ್ಮಾಸ್’ ಎಂಬ ಸರ್ಕಾರಿ ಆರೋಗ್ಯ ಕೇಂದ್ರ ಸಾಕು, ಜಿಲ್ಲಾಸ್ಪತ್ರೆ ಸೆಲೊಂಗ್‌ನಲ್ಲಿ, ದೊಡ್ಡದು ಮಾತರಮ್‌ನಲ್ಲಿ. ಹೃದಯದ ತೊಂದರೆ ಇರುವವರು ಬೇರೆ ದ್ವೀಪಕ್ಕೆ ಸಾಗಿಸುವ ವೆಚ್ಚವೂ ಸೇರಿದ ವಿಮೆ ಇಲ್ಲದೆ ಆರು ತಿಂಗಳಿಗೆ ಹೋಗಬೇಡಿ.

ಕೊನೆಗೆ ಆ 10 ಜುತಾ, ನಮ್ಮ ಸುಮಾರು 53 ಸಾವಿರ ರೂಪಾಯಿ. ಅದನ್ನು ವಾಪಸ್ ಕೇಳಿದರೆ ಸಿಗುವ ಭರವಸೆ ಕಡಿಮೆ, ಸಂಬಂಧವೂ ಕೆಡುತ್ತದೆ. ನಿಮ್ಮ ಹತ್ತಿರ ರಸೀದಿ ಇದೆಯೇ ಎಂದು ಬರೆದಿಲ್ಲ. ಇರಲಿ ಬಿಡಲಿ, ಮುಂದಿನ ಭೇಟಿಯವರೆಗೆ ಇನ್ನೊಂದು ರೂಪಿಯಾ ಕಳಿಸಬೇಡಿ. ‘ಜಮೀನು ನಮಗೆ ಕಾನೂನು ಪ್ರಕಾರ ಬರುವುದಿಲ್ಲವೆಂದು ಊರಿನ ವಕೀಲರು ಹೇಳಿದರು, ಆ ಹಣವನ್ನು ನಿಮ್ಮ ಮನೆಯ ಬಾಡಿಗೆಗೆ ಹಿಡಿದುಕೊಳ್ಳಿ, ಏಪ್ರಿಲ್‌ನಿಂದ ಬರುತ್ತೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯಿರಿ. ಒಪ್ಪಿದರೆ ಹೊಸ ‘ಕ್ವಿತಾಂಸಿ’, ಅಂದರೆ ರಸೀದಿ, ಬರೆಸಿಕೊಳ್ಳಿ: ಯಾವ ಮನೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಸಂದಾಯ, ಎಷ್ಟು ಬಾಕಿ. ಗದ್ದೆಗೆ ಕೊಟ್ಟ ಮುಂಗಡ ಇದರಿಂದ ರದ್ದು ಎಂಬ ಸಾಲೂ ಅದರಲ್ಲಿರಲಿ. 5 ಜುತಾ ಮೀರಿದ ಮೊತ್ತಕ್ಕೆ 10,000 ರೂಪಿಯಾದ ‘ಮೆತೆರಾಯ್’ ಎಂಬ ಮುದ್ರಾಂಕ ಚೀಟಿ ಅಂಟಿಸಬೇಕು, ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಹಾಕಿಸಿ.